ಒಂದು ತೊಲದ ಗುಂಡು



ನನ್ನ ಅಕ್ಕನ ಮಗ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿದ್ದಾನೆ. ಹೋಗಿ ಇಪ್ಪತ್ತು ವರ್ಷ ದಾಟಿತು, ಈಗ ಅಲ್ಲಿಯ ಪ್ರಜೆಯೇ ಆಗಿದ್ದಾನೆ. ಒಂದು ರಾತ್ರಿ ಫೋನ್ ಮಾಡಿದವನು ಮನೆಯವರ ಕ್ಷೇಮ ವಿಚಾರಿಸುವುದಕ್ಕೂ ಮೊದಲೇ, "ಮಾವ, ಈ ಸಲ ಎಲ್ಕ್ ಬೇಟೆಗೆ ಲೈಸೆನ್ಸ್ ಸಿಕ್ಕಿದೆ. ಯಾವ ಕ್ಯಾಲಿಬರಿನ ರೈಫಲ್ ತಗೊಳ್ಳಲಿ ಹೇಳಿ" ಅಂದ. ನಾನು ತಕ್ಷಣ ಏನೂ ಹೇಳಲಿಲ್ಲ. ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಸತ್ತುಬಿದ್ದಿದ್ದ ಒಂದು ಕಡವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವುದಕ್ಕೆ ಮುಂಚಿನ ಮಾತು ಅದು. ನಮ್ಮೂರು ಸಕಲೇಶಪುರದಾಚೆ, ಕೊಡಗಿನ ಅಂಚಿಗೆ ತಾಗಿಕೊಂಡಂತಿದೆ. ಆಗೆಲ್ಲ ಮನೆಗೊಂದು ಕೋವಿ. ನಮ್ಮಪ್ಪನದು ಜೋಡುನಳಿಗೆಯದು. ಒಂದು ದಿನ ಊರವರೆಲ್ಲ ಸೇರಿ ಕಾಡು ಸೋವುತ್ತಿದ್ದಾಗ ದೊಡ್ಡ ಕೊಂಬಿನ ಕಡವೆಯೊಂದು ಹಳುವಿನಿಂದ ಹೊರಬಿದ್ದು ಗದ್ದೆಯಂಚಿನಲ್ಲಿ ಓಡಿತು. ಎಂಬತ್ತು ಹೆಜ್ಜೆಗೂ ಹೆಚ್ಚು ದೂರ. ಅಪ್ಪ ಈಡು ಹೊಡೆದರು. ಕೋವಿಯಲ್ಲಿದ್ದದ್ದು ಎಲ್.ಜಿ. ತೋಟೆ. ಅಷ್ಟು ದೂರ ಹೋಗುವಷ್ಟರಲ್ಲಿ ಅದರ ಚರೆಗಳು ಚದುರಿಹೋಗುತ್ತವೆ, ಒಂದೆರಡು ತಗುಲಿದರೂ ಆಳಕ್ಕೆ ಇಳಿಯುವುದಿಲ್ಲ. ಕಡವೆ ಒಮ್ಮೆ ಮುಗ್ಗರಿಸಿ, ಎದ್ದು, ಕಾಡು ಸೇರಿತು. ಕತ್ತಲಾಗುವವರೆಗೂ ಹುಡುಕಿದರು, ಸಿಗಲಿಲ್ಲ. ಮೂರನೆಯ ದಿನ ನಾಯಿಗಳು ಹಳ್ಳದಲ್ಲಿ ಪತ್ತೆ ಮಾಡಿದವು. ನಾನು ಆಗ ಎಂಟು ವರ್ಷದ ಹುಡುಗ, ಅಪ್ಪನ ಹಿಂದೆಯೇ ಹೋಗಿದ್ದೆ. ಹೊಟ್ಟೆಗೂ ಹಿಂಗಾಲಿಗೂ ಗಾಯವಾಗಿ, ನೀರಿಗಾಗಿ ತೆವಳಿಕೊಂಡು ಬಂದು, ನೀರಿನ ಪಕ್ಕದಲ್ಲೇ ಪ್ರಾಣ ಬಿಟ್ಟಿತ್ತು. ಅಪ್ಪ ಬಹಳ ಹೊತ್ತು ಅದರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. "ತಪ್ಪು ಕೋವಿಯದಲ್ಲ ಮಗಾ, ಹೊಡೀಬಾರದ ದೂರದಲ್ಲಿ ಹೊಡೆದೆ" ಅಂದರು. ಆ ಮೇಲೆ ಅವರು ಕೋವಿ ಎತ್ತಿದ್ದು ಆಯುಧಗಳ ಹಬ್ಬವಾದ ಕೈಲ್‌ಪೋದಿನ ಪೂಜೆಗೆ, ಇಲ್ಲವೇ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವ ಪಂದ್ಯಕ್ಕೆ, ಅಷ್ಟೇ.

ಅಳಿಯನಿಗೆ ಹೇಳಬೇಕಾದ ಉತ್ತರ ನನ್ನ ಮಟ್ಟಿಗೆ ಆ ಹಳ್ಳದಿಂದಲೇ ಶುರುವಾಗುತ್ತದೆ. ಯಾವ ಕೋವಿ ಅನ್ನುವ ಪ್ರಶ್ನೆಗೆ ಮೊದಲು ಎಷ್ಟು ದೂರದಿಂದ, ಯಾರ ಕೈಯಿಂದ ಅಂತ ಕೇಳಿಕೊಳ್ಳಬೇಕು. ಆ ವರ್ಷ ಸೆಪ್ಟೆಂಬರಿನಲ್ಲಿ ನಾನೇ ಅಲ್ಲಿಗೆ ಹೋದೆ, ಎರಡು ತಿಂಗಳು ಇದ್ದೆ. ನೋಡಿದ್ದನ್ನೂ ತಿಳಿದದ್ದನ್ನೂ ಇಂದು ಹಂಚಿಕೊಳ್ಳುತ್ತೇನೆ.

ಎಲ್ಕ್ ಎಂದರೆ ಏನು ಅಂತ ಮೊದಲು ಹೇಳಬೇಕು. ಯುರೋಪಿನಲ್ಲಿ ಎಲ್ಕ್ ಎನ್ನುವುದು ಬೇರೆಯೇ ಪ್ರಾಣಿಯ ಹೆಸರು, ಅಗಲ ಹಲಗೆಯಂಥ ಕೊಂಬಿನ ಮೂಸ್‌ನದು. ಅಮೆರಿಕಕ್ಕೆ ಬಂದಿಳಿದ ವಲಸಿಗರು ಅಲ್ಲಿಯ ದೊಡ್ಡ ಜಿಂಕೆಯನ್ನು ಕಂಡು ತಮಗೆ ಗೊತ್ತಿದ್ದ ಹೆಸರನ್ನೇ ಇಟ್ಟುಬಿಟ್ಟರು. ಶಾನೀ ಎಂಬ ಮೂಲನಿವಾಸಿ ಜನರ ಭಾಷೆಯಲ್ಲಿ ಇದರ ಹೆಸರು ವಾಪಿಟಿ, ಬಿಳಿ ಹಿಂಭಾಗದ್ದು ಎಂದರ್ಥ. ನಮ್ಮ ಕಡವೆಯ ವಂಶದ್ದೇ, ಅದಕ್ಕಿಂತ ದೊಡ್ಡದು. ರಾಕಿ ಪರ್ವತದ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 225 ಕಿಲೋ. ಹೆಗಲಿನ ಎತ್ತರವೇ ಐದಡಿ. ಗಂಡಿನ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತದೆ. ಸೆಪ್ಟೆಂಬರಿನಲ್ಲಿ, ಬೆದೆಯ ಕಾಲದಲ್ಲಿ, ಗಂಡು ಕೂಗುವುದನ್ನು ಕೇಳಬೇಕು. ಇಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣಗೆ ಕೊಳಲಿನಂಥ ಸಿಳ್ಳು ಏರುತ್ತ ಏರುತ್ತ ಹೋಗಿ, ಕೊನೆಗೆ ಗಂಟಲಿನ ಗೊರಕೆಯಾಗಿ ಇಳಿಯುತ್ತದೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು.

1900ರ ಹೊತ್ತಿಗೆ ಇಡೀ ಉತ್ತರ ಅಮೆರಿಕದಲ್ಲಿ ಒಂದು ಲಕ್ಷ ಎಲ್ಕ್ ಕೂಡ ಉಳಿದಿರಲಿಲ್ಲ. ಮಾಂಸದ ವ್ಯಾಪಾರ, ಚರ್ಮದ ವ್ಯಾಪಾರ, ಹಲ್ಲಿನ ಆಭರಣದ ಹುಚ್ಚು ಎಲ್ಲವೂ ಸೇರಿ ಬಯಲು ಮಾಡಿದ್ದವು. ಈಗ ಹತ್ತು ಲಕ್ಷದಷ್ಟಿವೆ. ಕೊಲೊರಾಡೊ ಒಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಅವುಗಳನ್ನು ಮರಳಿ ತರಲು ಹಣ ಎಲ್ಲಿಂದ ಬಂತು ಎಂದರೆ, ಬಹುಪಾಲು ಬೇಟೆಗಾರರಿಂದಲೇ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂತು. ರೈಫಲ್ ಕೊಂಡರೂ ತೋಟೆ ಕೊಂಡರೂ ತಯಾರಕರು ಕಟ್ಟುವ ನೂರಕ್ಕೆ ಹನ್ನೊಂದರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ನಮ್ಮಲ್ಲಿ ಬೇಟೆ ನಿಷೇಧವಾಗಿದೆ, ಆಗಿರುವುದೇ ಸರಿ. ನಮ್ಮ ಜನಸಂಖ್ಯೆಗೆ, ನಮ್ಮ ಉಳಿದಷ್ಟು ಕಾಡಿಗೆ, ಬೇರೆ ದಾರಿ ನನಗೆ ಕಾಣುವುದಿಲ್ಲ. ಅಲ್ಲಿಯ ಲೆಕ್ಕ ಬೇರೆ, ಅದನ್ನು ಅಲ್ಲಿಟ್ಟೇ ನೋಡಬೇಕು.

ಇನ್ನು ಕ್ಯಾಲಿಬರಿಗೆ ಬರೋಣ. ಕನ್ನಡದ ಓದುಗರಿಗೆ ಈ ಮಾತು ಪೂರ್ತಿ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕತೆಗಳನ್ನು ಓದಿದವರಿಗೆ, ಬೆಂಗಳೂರಿನ ಆ ಬೇಟೆಗಾರ ನರಭಕ್ಷಕಗಳ ಹಿಂದೆ ಅಲೆದದ್ದು .405 ವಿಂಚೆಸ್ಟರ್ ಹಿಡಿದು ಎಂಬುದು ಗೊತ್ತಿರಬಹುದು. ಅದೇ .405 ಅನ್ನು 1909ರಲ್ಲಿ ಆಫ್ರಿಕಕ್ಕೆ ಹೊತ್ತುಕೊಂಡು ಹೋದವರು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡರ್ ರೂಸ್‌ವೆಲ್ಟ್. ಪೆಸಿಫಿಕ್ ಕರಾವಳಿಯ ಎಲ್ಕ್‌ಗೆ ಇಂದಿಗೂ ಅವರದೇ ಹೆಸರಿದೆ.

ಕ್ಯಾಲಿಬರ್ ಅಂದರೆ ನಳಿಗೆಯ ಒಳಬಾಯಿಯ ಅಗಲ, ಹೆಚ್ಚುಕಡಿಮೆ ಗುಂಡಿನ ದಪ್ಪ. .30 ಅಂದರೆ ಅಂಗುಲದ ಹತ್ತರಲ್ಲಿ ಮೂರು ಪಾಲು, 7.62 ಮಿಲಿಮೀಟರ್, ಒಂದು ಕಡಲೆಕಾಳಿನ ಗಾತ್ರ. ಆದರೆ ಹೆಸರುಗಳನ್ನು ನಂಬಿದರೆ ದಾರಿ ತಪ್ಪುತ್ತದೆ. .270 ಎಂದು ಕರೆಯುವ ಗುಂಡು ನಿಜಕ್ಕೂ .277 ಅಂಗುಲ ದಪ್ಪ. .30-06ರಲ್ಲಿ 06 ಎಂದರೆ 1906ನೇ ಇಸವಿ, ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ. .30-30ರಲ್ಲಿ ಎರಡನೆಯ 30 ವರ್ಷವಲ್ಲ, ಮೊದಲು ತುಂಬುತ್ತಿದ್ದ ಮದ್ದಿನ ತೂಕ. .308 ಮತ್ತು .30-06 ಹಾರಿಸುವುದು ಒಂದೇ ದಪ್ಪದ ಗುಂಡನ್ನು, ಹಿಂದಿರುವ ಹಿತ್ತಾಳೆ ಕೋಶದ ಉದ್ದ ಮಾತ್ರ ಬೇರೆ. ಹಾಗಾಗಿ ಕ್ಯಾಲಿಬರ್ ಯಾವುದು ಎಂದು ಕೇಳುವವರು ನಿಜವಾಗಿ ಕೇಳುತ್ತಿರುವುದು ತೋಟೆ ಯಾವುದು ಎಂದು. ಗುಂಡಿನ ದಪ್ಪ, ತೂಕ, ವೇಗ ಮೂರೂ ಸೇರಿದ್ದು ಅದು.

ತೂಕದ ವಿಷಯದಲ್ಲಿ ನನಗೆ ಸಂತೋಷ ಕೊಟ್ಟ ಒಂದು ಸಂಗತಿ ಇದೆ. ಗುಂಡನ್ನು ಅಲ್ಲಿ ಗ್ರೇನ್‌ನಲ್ಲಿ ತೂಗುತ್ತಾರೆ. ಗ್ರೇನ್ ಎಂದರೆ ಕಾಳು, ಬಾರ್ಲಿಕಾಳಿನಿಂದ ಬಂದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. ಒಂದು ಗುಲಗಂಜಿ ಅಂದಾಜು ಎರಡು ಗ್ರೇನ್. ಎಲ್ಕ್ ಬೇಟೆಯಲ್ಲಿ ತಲೆಮಾರುಗಳಿಂದ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ತೂಕಗಳಲ್ಲಿ ಒಂದು 180 ಗ್ರೇನ್. ಬ್ರಿಟಿಷರ ಕಾಲದಲ್ಲಿ ನಮ್ಮ ತೊಲವನ್ನು ನಿಗದಿ ಮಾಡಿದ್ದೂ ಸರಿಯಾಗಿ 180 ಗ್ರೇನಿಗೆ, ಹಳೆಯ ಬೆಳ್ಳಿ ರೂಪಾಯಿಯ ತೂಕಕ್ಕೆ. ಅಂದರೆ ಆ ಗುಂಡು ಕರಾರುವಾಕ್ಕಾಗಿ ಒಂದು ತೊಲ. ಅಳಿಯನಿಗೆ ಇದನ್ನು ಹೇಳಿದ ಮೇಲೆ ಅವನು ಅಂಗಡಿಯ ಡಬ್ಬಿಗಳನ್ನು ತೊಲದಲ್ಲೇ ಓದತೊಡಗಿದ.

ಕೊಲೊರಾಡೊದ ಕಾನೂನು ಸ್ಪಷ್ಟವಾಗಿದೆ. ಎಲ್ಕ್‌ಗೆ ರೈಫಲ್ ಕನಿಷ್ಠ .24 ಕ್ಯಾಲಿಬರಿನದಾಗಿರಬೇಕು. ಗುಂಡು 85 ಗ್ರೇನಿಗೆ ಕಡಿಮೆ ಇರಕೂಡದು, ಮೈಗೆ ತಗುಲಿದಾಗ ಅರಳುವಂಥದ್ದಾಗಿರಬೇಕು, ನೂರು ಗಜ ದೂರದಲ್ಲಿ ಅದರ ಶಕ್ತಿ ಸಾವಿರ ಅಡಿ-ಪೌಂಡ್ ಇರಬೇಕು. ಒಂದು ಪೌಂಡ್ ಭಾರವನ್ನು ಒಂದಡಿ ಎತ್ತುವಷ್ಟು ಶಕ್ತಿಯೇ ಒಂದು ಅಡಿ-ಪೌಂಡ್. ಇದು ಕಾನೂನಿನ ಹೊಸಿಲು, ಅಷ್ಟೇ. ಅನುಭವಸ್ಥರು ಎಲ್ಕ್‌ಗೆ ಸಾವಿರದ ಐನೂರಾದರೂ ಇರಲಿ ಎನ್ನುತ್ತಾರೆ.

ಈ ವಿಷಯದಲ್ಲಿ ಅಮೆರಿಕದ ಬೇಟೆಗಾರರ ನಡುವೆ ಒಂದು ದೊಡ್ಡ ವಾದವೇ ನಡೆದಿದೆ, ಅದರ ಎರಡೂ ಕಡೆಯ ನಾಯಕರು ಐಡಹೊ ರಾಜ್ಯದಲ್ಲಿ ನೆಲೆಸಿದವರೇ. ಒಬ್ಬರು ಜ್ಯಾಕ್ ಓಕಾನರ್, ಒಂದು ಕಾಲಕ್ಕೆ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದವರು, ಮುಂದೆ ಔಟ್‌ಡೋರ್ ಲೈಫ್ ಪತ್ರಿಕೆಯ ಅಂಕಣಕಾರರಾಗಿ ಪ್ರಸಿದ್ಧರಾದವರು. 1925ರಲ್ಲಿ ಬಂದ .270 ವಿಂಚೆಸ್ಟರ್ ಅವರಿಗೆ ಅಚ್ಚುಮೆಚ್ಚು. .30-06ರ ವಂಶದ ಕೋಶದ ಕತ್ತನ್ನೇ ಸಣ್ಣದು ಮಾಡಿ ಹುಟ್ಟಿಸಿದ ತೋಟೆ ಅದು. ಗುಂಡು ಹಗುರ, ವೇಗ ಹೆಚ್ಚು, ಒದೆತ ಕಡಿಮೆ. ಸರಿಯಾದ ಜಾಗಕ್ಕೆ ಹೊಡೆದರೆ ಇಷ್ಟು ಧಾರಾಳ ಎಂಬುದು ಓಕಾನರ್ ಅವರ ನಿಲುವು. ಇನ್ನೊಬ್ಬರು ಸಾಮನ್ ಎಂಬ ಊರಿನ ಎಲ್ಮರ್ ಕೀತ್, ದನ ಕಾಯ್ದು ಕುದುರೆ ಪಳಗಿಸಿ ಬೆಳೆದವರು. ಅವರಿಗೆ ಹಗುರ ಗುಂಡೆಂದರೆ ಆಗದು. ಪ್ರಾಣಿ ಸದಾ ಅಡ್ಡಲಾಗಿ ನಿಂತು ಕೊಡುವುದಿಲ್ಲ, ಓರೆಯಾಗಿ ನಿಂತಾಗ ಎಲುಬು ಮುರಿದು ಆಳಕ್ಕೆ ಹೋಗಲು ದಪ್ಪ ಗುಂಡು, ಭಾರದ ಗುಂಡು ಬೇಕೆಂದು ಅವರು ಪಟ್ಟು ಹಿಡಿದರು. ಅವರು ಗೆಳೆಯರೊಡನೆ ರೂಪಿಸಿದ .333ರ ದಾರಿಯಲ್ಲೇ 1958ರಲ್ಲಿ .338 ವಿಂಚೆಸ್ಟರ್ ಮ್ಯಾಗ್ನಂ ಬಂತು.

ಇಬ್ಬರೂ ನೂರಾರು ಪ್ರಾಣಿಗಳನ್ನು ಹತ್ತಿರದಿಂದ ಕಂಡವರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂದು ನಾನು ನಂಬುತ್ತೇನೆ. ಓಕಾನರ್ ಮಾತು ಕಾಯಲು ಬಲ್ಲವನಿಗೆ ಸರಿ. ಕೀತ್ ಮಾತಿನಲ್ಲೂ ತಿರುಳಿದೆ, ಆದರೆ ಭಾರದ ಗುಂಡು ಕೈಯಲ್ಲಿದ್ದರೆ ಹೊಡೆಯಬಾರದ ಓರೆಯಲ್ಲೂ ಹೊಡೆಯಬಹುದೆಂಬ ಧೈರ್ಯ ಬರುತ್ತದೆ. ಆ ಧೈರ್ಯ ನನಗೆ ಭಯ ಹುಟ್ಟಿಸುತ್ತದೆ. ನಾನು ಹೇಳಿಕೇಳಿ ಹಳ್ಳದ ಕಡವೆಯನ್ನು ಕಂಡವನು.

ಇವೆರಡರ ನಡುವೆ ನೂರೆಂಟು ತೋಟೆಗಳಿವೆ. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ, ಮರುವರ್ಷ ಬಂದ .300 ವಿಂಚೆಸ್ಟರ್ ಮ್ಯಾಗ್ನಂ ಇವೆರಡೂ ದೂರದ ಹೊಡೆತಕ್ಕೆ ಹೆಸರಾದವು. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಈಗಿನ ಯುವಕರ ಒಲವು. ಒದೆತ ಬಹಳ ಕಡಿಮೆ, ಗುರಿ ಬಹಳ ನಿಖರ. ಆದರೆ ಮುನ್ನೂರು ಗಜಕ್ಕೆ ಹೋಗುವಾಗ ಅದರ ಶಕ್ತಿ ಸಾವಿರದ ಐನೂರು ಅಡಿ-ಪೌಂಡಿನ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ಹಿಡಿದವನು ಆ ಗೆರೆ ದಾಟಬಾರದು. ಕೆನಡಾದಲ್ಲಿ ಎಷ್ಟೋ ಹಳ್ಳಿಗರು ಮೂಸ್, ಎಲ್ಕ್ ಎರಡನ್ನೂ ಹೊಡೆದದ್ದು ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಲೀ-ಎನ್‌ಫೀಲ್ಡ್ .303ರಲ್ಲಿ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ ನಮ್ಮ ತಲೆಮಾರಿನವರ ಹೆಗಲಿಗೆ ನೀಲಿ ಬರೆ ಹಾಕಿದ್ದೂ ಅದೇ .303. ಅಲ್ಲಿ ಬೇಟೆಗೆ ಬಳಸುವ ಗುಂಡು ಮಾತ್ರ ಬೇರೆ, ತುದಿ ಮೆತ್ತಗಿರುವಂಥದ್ದು. ಸೈನ್ಯದ ಪೂರ್ತಿ ಕವಚದ ಗುಂಡು ಮೈಯೊಳಗೆ ಸೂಜಿಯಂತೆ ತೂರಿ ಹೋಗಿಬಿಡುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ಗುಂಡು ಒಳಗೆ ಹೋಗಿ ಏನು ಮಾಡುತ್ತದೆ ಎನ್ನುವುದು ಕ್ಯಾಲಿಬರಿಗಿಂತ ದೊಡ್ಡ ವಿಷಯ. ಇದನ್ನು ಒಬ್ಬರು ಕಷ್ಟಪಟ್ಟು ಕಲಿತರು. ಜಾನ್ ನಾಸ್ಲರ್ 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು ಸಣ್ಣ ಕೋವಿಯಲ್ಲ, .300 ಎಚ್ ಅಂಡ್ ಎಚ್ ಮ್ಯಾಗ್ನಂ. ಪ್ರಾಣಿ ಹತ್ತಿರದಲ್ಲೇ ಇತ್ತು, ಮೈಗೆಲ್ಲ ಒಣಗಿದ ಕೆಸರು ಮೆತ್ತಿತ್ತು. ಹೊಡೆದ ಗುಂಡುಗಳು ಅತಿ ವೇಗದಿಂದಲೇ ಮೇಲುಮೇಲೆ ಒಡೆದು ಚೂರಾದವು, ಆಳಕ್ಕೆ ಇಳಿಯಲಿಲ್ಲ. ಮನೆಗೆ ಬಂದು ಅವರು ಹೊಸ ಗುಂಡೊಂದನ್ನು ಮಾಡಿದರು. ತಾಮ್ರದ ಕವಚದೊಳಗೆ ನಡುವೆ ಒಂದು ಅಡ್ಡಗೋಡೆ, ಮುಂದೊಂದು ಹಿಂದೊಂದು ಸೀಸದ ತುಂಡು. ಮುಂದಿನ ಸೀಸ ಅಣಬೆಯಂತೆ ಅರಳಿದರೂ ಅಡ್ಡಗೋಡೆ ತಡೆಯುವುದರಿಂದ ಹಿಂದಿನ ಅರ್ಧ ಚೂರಾಗದೆ ಆಳಕ್ಕೆ ಇಳಿಯುತ್ತದೆ. 1948ರಿಂದ ಪಾರ್ಟಿಷನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಈ ಗುಂಡು ಇಂದಿಗೂ ಸಿಗುತ್ತದೆ. ಒಳ್ಳೆಯ ಗುಂಡಿನ .270, ಕಳಪೆ ಗುಂಡಿನ .300ಗಿಂತ ಮೇಲು ಎಂಬ ಮಾತಿನ ಹಿಂದೆ ಇಂಥ ಅನುಭವಗಳಿವೆ.

ಈಗ ಸೀಸವೇ ಇಲ್ಲದ, ಪೂರ್ತಿ ತಾಮ್ರದ ಗುಂಡುಗಳೂ ಬಂದಿವೆ. ಅವನ್ನೇ ಕೊಳ್ಳು ಎಂದು ನಾನು ಅಳಿಯನಿಗೆ ಮನಸಾರೆ ಹೇಳಿದೆ. ಬೇಟೆಗಾರರು ಬಿಟ್ಟುಹೋದ ಕರುಳುಗಳಲ್ಲಿ ಸೀಸದ ಚೂರುಗಳಿರುತ್ತವೆ, ಹದ್ದು, ಕಾಗೆ, ರಣಹದ್ದುಗಳು ಅದನ್ನು ತಿಂದು ವಿಷವೇರಿ ಸಾಯುತ್ತವೆ. ಕ್ಯಾಲಿಫೋರ್ನಿಯಾದ ಕಾಂಡೊರ್ ಎಂಬ ಮಹಾ ರಣಹದ್ದುಗಳು 1987ರಲ್ಲಿ ಲೋಕದಲ್ಲೇ 27 ಉಳಿದಿದ್ದವು. ಎಲ್ಲವನ್ನೂ ಹಿಡಿದು ಸಾಕಿ ಮತ್ತೆ ಕಾಡಿಗೆ ಬಿಟ್ಟರು, ಬಿಟ್ಟ ಮೇಲೂ ಅವನ್ನು ಹೆಚ್ಚಾಗಿ ಕೊಲ್ಲುತ್ತಿರುವುದು ಸೀಸವೇ. 2019ರಿಂದ ಆ ರಾಜ್ಯದಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ದನಗಳಿಗೆ ಕೊಟ್ಟ ಡೈಕ್ಲೊಫಿನಾಕ್ ನಮ್ಮ ರಣಹದ್ದುಗಳನ್ನು ಮುಗಿಸಿದ್ದನ್ನು ಕಂಡವರು ನಾವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಕೆಲವೇ ಹಕ್ಕಿಗಳಿಗಾಗಿ ಧಾಮ ಮಾಡಿಕೊಂಡಿದ್ದೇವೆ. ಸತ್ತ ಪ್ರಾಣಿಯ ಮೈಯಲ್ಲಿ ನಾವು ಏನನ್ನು ಬಿಟ್ಟು ಹೋಗುತ್ತೇವೆ ಎನ್ನುವುದು ಅಲ್ಲೂ ಇಲ್ಲೂ ಒಂದೇ ಪ್ರಶ್ನೆ.

ನಾನು ಡೆನ್ವರ್ ತಲುಪುವ ಹೊತ್ತಿಗೆ ಅಳಿಯ ಕಾಯದೆ ರೈಫಲ್ ಕೊಂಡಾಗಿತ್ತು. .300 ವಿಂಚೆಸ್ಟರ್ ಮ್ಯಾಗ್ನಂ. ದೊಡ್ಡ ಪ್ರಾಣಿಗೆ ದೊಡ್ಡದೇ ಬೇಕು ಎಂದು ಯಾರೋ ಹೇಳಿದ್ದರು. ಅವನ ಪಕ್ಕದ ಮನೆಯವರು ಎಪ್ಪತ್ತು ದಾಟಿದ ಹಿರಿಯರು, ಹುಡುಗನಾಗಿದ್ದಾಗಿಂದ ಎಲ್ಕ್ ಬೇಟೆಗೆ ಹೋದವರು. ಮಾತು ಕಡಿಮೆ. ರೈಫಲನ್ನು ತಿರುಗಿಸಿ ನೋಡಿ, "ಒಳ್ಳೆಯದೇ, ಶನಿವಾರ ಗುರಿಮೈದಾನಕ್ಕೆ ಬನ್ನಿ" ಎಂದರಷ್ಟೆ.

ಮೊದಲ ಐದು ಗುಂಡುಗಳಲ್ಲಿ ಒಂದೂ ಹೊಂದಿಕೊಳ್ಳಲಿಲ್ಲ. ಮೂರು ಕೆಳಗೆ, ಒಂದು ಎಡಕ್ಕೆ, ಒಂದು ಕಾಗದದಿಂದಲೇ ಹೊರಗೆ. ಅಳಿಯ ದುರ್ಬೀನನ್ನು ದೂರಿದ. ಆ ಹಿರಿಯರು ಅದಕ್ಕೆ ಏನೂ ಹೇಳದೆ, "ಇನ್ನು ಮೇಲೆ ತೋಟೆ ನಾನು ತುಂಬಿಕೊಡುತ್ತೇನೆ, ನೀನು ನೋಡಬೇಡ" ಎಂದರು. ಒಮ್ಮೆ ನಿಜವಾದ ತೋಟೆ, ಇನ್ನೊಮ್ಮೆ ಮದ್ದಿಲ್ಲದ ಪೊಳ್ಳು ತೋಟೆ, ಯಾವುದು ಯಾವಾಗ ಎಂದು ಹೊಡೆಯುವವನಿಗೆ ಗೊತ್ತಿಲ್ಲ. ಮೂರನೆಯದು ಪೊಳ್ಳು. ಅಳಿಯ ಟ್ರಿಗರ್ ಒತ್ತಿದ. ಟಕ್ ಎಂದಿತು, ಅಷ್ಟೇ. ಆದರೆ ಸಿಡಿಯದ ಆ ಕೋವಿಯ ಮೂತಿ ಮೂರು ಅಂಗುಲ ಕೆಳಕ್ಕೆ ಕುಸಿಯಿತು, ಅವನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಹೆಗಲು ಮುಂದಕ್ಕೆ ಜಗ್ಗಿತ್ತು. ಒದೆತ ಬರುವ ಮೊದಲೇ ಮೈ ಅದಕ್ಕೆ ಹೆದರಿ ಎದುರುಬಿದ್ದಿತ್ತು. ಯಾರೂ ನಗಲಿಲ್ಲ. ಅಳಿಯನ ಮುಖ ಇಳಿದುಹೋಯಿತು. ಹಿರಿಯರು ಅವನ ಭುಜದ ಮೇಲೆ ಕೈಯಿಟ್ಟು, ಇದು ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು ಎಂದರು.

ಎಂಟು ಪೌಂಡಿನ ರೈಫಲಿನಲ್ಲಿ .30-06 ಒದೆಯುವುದು ಸುಮಾರು 20 ಅಡಿ-ಪೌಂಡ್. .300 ಮ್ಯಾಗ್ನಂ 25 ದಾಟುತ್ತದೆ, .338 ಮ್ಯಾಗ್ನಂ 30 ದಾಟುತ್ತದೆ, 6.5 ಕ್ರೀಡ್‌ಮೂರ್ 13ರ ಆಸುಪಾಸು. ಅಂಕಿಯಲ್ಲಿ ಐದು ಹತ್ತರ ವ್ಯತ್ಯಾಸ ಕಾಣುತ್ತದೆ, ಹೆಗಲಿಗೆ ಅದು ಬೇರೆಯೇ ಭಾಷೆ. ಹೆದರಿದ ಹೆಗಲಿನಿಂದ ಹೊರಟ ದೊಡ್ಡ ಗುಂಡು ಹೊಟ್ಟೆಗೆ ತಗುಲುತ್ತದೆ, ಕಾಲಿಗೆ ತಗುಲುತ್ತದೆ. ಎಲ್ಕ್‌ನ ಹೃದಯ, ಶ್ವಾಸಕೋಶ ಇರುವುದು ಮುಂಗಾಲಿನ ಹಿಂದೆ, ನಮ್ಮ ಊಟದ ಬಾಳೆಲೆಯ ಅಗಲದಷ್ಟು ಜಾಗದಲ್ಲಿ. ಎರಡೂ ಶ್ವಾಸಕೋಶಗಳನ್ನು ಹಾದುಹೋಗುವ ಗುಂಡು .270ರದ್ದಾದರೂ ಪ್ರಾಣಿ ಬೇಗ ಸಾಯುತ್ತದೆ. ಆ ಜಾಗ ತಪ್ಪಿದರೆ .338 ಕೂಡ ಕೈ ಹಿಡಿಯುವುದಿಲ್ಲ. ನನಗೆ ಇದರಲ್ಲಿ ಯಾವ ಸಂಶಯವೂ ಇಲ್ಲ. ಹೊಡೆದು ಹೊಡೆದು ಹೆದರಿಕೆ ಹೋಗಿರುವ ಕೋವಿಗಳಲ್ಲಿ ಅತಿ ದೊಡ್ಡದು ಯಾವುದೋ ಅದೇ ಅವನವನ ಕ್ಯಾಲಿಬರ್.

ಹಿರಿಯರು ತಮ್ಮ ಹಳೆಯ .30-06 ತಂದುಕೊಟ್ಟರು. ಮರದ ಹಿಡಿ ಸವೆದು ನುಣುಪಾಗಿತ್ತು. ಒಂದು ತೊಲದ ಪಾರ್ಟಿಷನ್ ಗುಂಡು. ತಾಮ್ರದ್ದೇ ಆಗಲಿ ಎಂಬ ನನ್ನ ಆಸೆ ಆ ವರ್ಷ ಈಡೇರಲಿಲ್ಲ, ಆ ನಳಿಗೆಗೆ ಅವರು ಹೊಂದಿಸಿಟ್ಟಿದ್ದು ಅದೇ ಗುಂಡು. ಒಂದು ತಿಂಗಳು ವಾರಕ್ಕೆ ಇಪ್ಪತ್ತು ಗುಂಡು ಮಾತ್ರ, ಅದಕ್ಕಿಂತ ಹೆಚ್ಚಾದರೆ ಹೆಗಲು ಮತ್ತೆ ಹೆದರುತ್ತದೆ. ಬೆಂಚಿನ ಮೇಲಲ್ಲ, ಮೊಣಕಾಲೂರಿ, ಕೂತು, ಮರಕ್ಕೆ ಒರಗಿ ಹೊಡೆಸಿದರು. ಗುರಿಯನ್ನು ಇನ್ನೂರು ಗಜಕ್ಕೆ ಹೊಂದಿಸಿದರೆ ಮುನ್ನೂರರಲ್ಲಿ ಗುಂಡು ಎಂಟೊಂಬತ್ತು ಅಂಗುಲ ಇಳಿಯುತ್ತದೆ, ನಾನೂರಕ್ಕೆ ಎರಡಡಿ. ಅಡ್ಡಗಾಳಿ ಬೀಸಿದರೆ ಅದರ ಲೆಕ್ಕ ಬೇರೆ. ತಿಂಗಳ ಕೊನೆಗೆ ಅವನ ಮಿತಿ ಇನ್ನೂರೈವತ್ತು ಗಜ ಎಂದು ಮೂವರೂ ಸೇರಿ ತೀರ್ಮಾನಿಸಿದೆವು. ಅದನ್ನು ಅವನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡ.

ಅಕ್ಟೋಬರ್ ನಡುವೆ ನಾವು ಹೋದದ್ದು ಮೀಕರ್ ಎಂಬ ಸಣ್ಣ ಊರಿನಾಚೆಗೆ, ವೈಟ್ ರಿವರ್ ರಾಷ್ಟ್ರೀಯ ಅರಣ್ಯಕ್ಕೆ. ಲೋಕದಲ್ಲೇ ದೊಡ್ಡದೆನ್ನುವ ಎಲ್ಕ್ ಹಿಂಡು ಆ ಕಣಿವೆಗಳದ್ದು. ಹತ್ತು ಸಾವಿರ ಅಡಿ ಎತ್ತರ. ಆಸ್ಪೆನ್ ಮರಗಳ ಹಳದಿ ಎಲೆ ಉದುರಿ ನೆಲವೆಲ್ಲ ನಾಣ್ಯ ಚೆಲ್ಲಿದಂತಿತ್ತು, ಮೇಲೆ ಸ್ಪ್ರೂಸ್ ಮರಗಳ ಕಪ್ಪು ಕಾಡು. ಗಾಳಿ ತೆಳುವಾಗಿರುವುದರಿಂದ ಗುಂಡಿಗೆ ಅಡೆತಡೆ ಕಡಿಮೆ, ಮನುಷ್ಯನಿಗೆ ಮಾತ್ರ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಏದುಸಿರು ಬಿಡುವಾಗ ಯಾವ ರೈಫಲ್ಲೂ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ರೈಫಲಿನ ತೂಕ, ಕಾಲಿನ ಬಲ ಎರಡೂ ಕ್ಯಾಲಿಬರಿನ ಪ್ರಶ್ನೆಯೊಳಗೇ ಸೇರಿವೆ.

ನಾನು ಬರಿಗೈಯಲ್ಲಿದ್ದೆ, ಕಿತ್ತಳೆ ಬಣ್ಣದ ಅಂಗಿ, ಟೋಪಿ ಮಾತ್ರ. ಅಲ್ಲಿ ರೈಫಲ್ ಬೇಟೆಗೆ ಹೋಗುವವರು 500 ಚದರಂಗುಲ ಹೊಳೆಯುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣ ತೊಡಲೇಬೇಕು. ಬೆಳಗಿನ ಮಬ್ಬಿನಲ್ಲಿ ಕೆಳಗಿನ ಕಣಿವೆಯಿಂದ ಎಲ್ಕ್ ಕೂಗು ಕೇಳಿತು. ಅಳಿಯನ ಕೈ ರೈಫಲಿನ ಮೇಲೆ ಬಿಗಿಯಾಯಿತು. ಹಿರಿಯರು ತಲೆಯಾಡಿಸಿ ಬೇಡವೆಂದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಇಬ್ಬರು ಬೇಟೆಗಾರರು ಹತ್ತಿ ಬಂದರು, ಒಬ್ಬನ ಕೊರಳಲ್ಲಿ ಎಲ್ಕ್‌ನಂತೆ ಕೂಗುವ ಕೊಳವೆ. ಆ ಹೊತ್ತಿನಲ್ಲಿ ನಾನು ನೆನೆದದ್ದು ದಶರಥನನ್ನು. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ಎಂದು ತಿಳಿದು ಬಾಣ ಬಿಟ್ಟ ಅರಸನ ಕತೆಯನ್ನು ನಮ್ಮ ಅಜ್ಜಿಯರು ಎಷ್ಟು ಸಲ ಹೇಳಿಲ್ಲ! ಶಬ್ದವೇಧಿ ಅವನಿಗೆ ವಿದ್ಯೆಯಾಗಿತ್ತು, ಆದರೂ ಶ್ರವಣಕುಮಾರ ಸತ್ತ. ಕೊಲೊರಾಡೊದಲ್ಲಿ 1949ರಲ್ಲಿ ಇಲ್ಲವೇ ಅದರ ನಂತರ ಹುಟ್ಟಿದವರು ಸಾಮಾನ್ಯವಾಗಿ ಬೇಟೆಯ ಲೈಸೆನ್ಸಿಗೆ ಮೊದಲು ಬೇಟೆಯ ಶಿಕ್ಷಣ ಪಡೆದು ಪಾಸಾಗಬೇಕು. ಕಣ್ಣಿಗೆ ಪೂರ್ತಿ ಕಾಣದ್ದಕ್ಕೆ ಹೊಡೆಯಕೂಡದು, ಅದರ ಹಿಂದೆ ಏನಿದೆ ಎಂದು ತಿಳಿಯದೆಯೂ ಹೊಡೆಯಕೂಡದು ಎನ್ನುವುದು ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ಒಂದು.

ಹತ್ತು ಗಂಟೆಗೆ ಎದುರಿನ ಇಳಿಜಾರಿನಲ್ಲಿ ದೊಡ್ಡ ಗಂಡೊಂದು ನಿಂತಿತು. ದೂರ ಅಳೆಯುವ ದುರ್ಬೀನು 430 ಗಜ ತೋರಿಸಿತು. ಅಳಿಯ ಬಹಳ ಹೊತ್ತು ನೋಡಿದ. ಕೊನೆಗೆ ಜೇಬು ಮುಟ್ಟಿಕೊಂಡು, "ಇದು ನನ್ನದಲ್ಲ ಮಾವ" ಎಂದ. ಅವನು ಹುಟ್ಟಿದಾಗಿನಿಂದ ಅವನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಆಸ್ಪೆನ್ ತೋಪಿನಂಚಿಗೆ ಹೆಣ್ಣು ಎಲ್ಕ್ ಒಂದು ಬಂತು. ಅವನ ಲೈಸೆನ್ಸ್ ಇದ್ದದ್ದೂ ಹೆಣ್ಣಿಗೂ ಸಲ್ಲುವಂಥದ್ದೇ. ಜೊತೆಗೆ ಮರಿ ಇರಲಿಲ್ಲ. 140 ಗಜ, ಪೂರ್ತಿ ಅಡ್ಡಲಾಗಿ ನಿಂತಿತ್ತು. ಅವನು ಕೂತು, ಮೊಣಕೈಗಳನ್ನು ಮಂಡಿಗೆ ಊರಿ, ಉಸಿರು ಅರ್ಧ ಬಿಟ್ಟು ಹಿಡಿದ. ಈಡಾಯಿತು. ಪ್ರಾಣಿ ಒಮ್ಮೆ ಬೆನ್ನು ಬಾಗಿಸಿ, ಅರವತ್ತು ಹೆಜ್ಜೆ ಓಡಿ, ಮರಗಳ ನಡುವೆ ಮರೆಯಾಯಿತು. ಅಳಿಯ ಏಳಹೊರಟ. ಹಿರಿಯರು ಕೈಹಿಡಿದು ಕೂರಿಸಿ ಗಡಿಯಾರ ತೋರಿಸಿದರು. ಅರ್ಧ ಗಂಟೆ ಕಾಯಬೇಕು. ಅಟ್ಟಿಸಿಕೊಂಡು ಹೋದರೆ ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಆ ಮೂವತ್ತು ನಿಮಿಷ ಅಳಿಯ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ನನ್ನ ಮನಸ್ಸು ಹಳ್ಳದ ದಂಡೆಗೆ ಹೋಗಿತ್ತು.

ಹೋಗಿ ನೋಡಿದಾಗ ಅದು ತೋಪಿನೊಳಗೆ ಬಿದ್ದು ಆಗಲೇ ತಣ್ಣಗಾಗುತ್ತಿತ್ತು. ಕಣ್ಣು ತೆರೆದಿತ್ತು. ಅಳಿಯ ಚಪ್ಪಲಿ ಬಿಡುವವನಂತೆ ಬೂಟು ಕಳಚಿ, ಹಣೆ ಮುಟ್ಟಿ ನಮಸ್ಕಾರ ಮಾಡಿದ. ಹೀಗೆ ಮಾಡು ಎಂದು ನಾನು ಹೇಳಿರಲಿಲ್ಲ. ಆ ರಾಜ್ಯದಲ್ಲಿ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ನಾಲ್ಕು ಕಾಲು, ಬೆನ್ನಿನ ಮಾಂಸ, ಕತ್ತಿನದು ಎಲ್ಲವನ್ನೂ ಚೀಲಗಳಿಗೆ ತುಂಬಿ, ಆ ರಾತ್ರಿ ಎರಡು ಸಲ, ಬೆಳಗ್ಗೆ ಇನ್ನೆರಡು ಸಲ ಹೊತ್ತು ಇಳಿಸಿದೆವು. ಒಂದು ಹಿಂಗಾಲೇ ಇಪ್ಪತ್ತೈದು ಕಿಲೋ ಮೇಲೆ. ನಾನು ಹಗುರದ್ದನ್ನು ಮಾತ್ರ ಹೊತ್ತೆ.

ಎರಡೂ ಶ್ವಾಸಕೋಶ ಹಾದ ಗುಂಡು ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿಕೊಂಡಿತ್ತು, ಮುಂದೆ ಅರಳಿ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು. ಹಿರಿಯರು ತೋಟೆಗಳನ್ನು ತಾವೇ ತುಂಬಿಕೊಳ್ಳುವವರು, ಅವರ ಮನೆಯಲ್ಲಿ ಸಣ್ಣ ತಕ್ಕಡಿ ಇತ್ತು. ತೂಗಿದರು, 122 ಗ್ರೇನ್. ಒಂದು ತೊಲ ಹೊರಟದ್ದರಲ್ಲಿ ಮೂರರಲ್ಲಿ ಎರಡು ಪಾಲು ಕೊನೆ ಮುಟ್ಟಿತ್ತು. ಉಳಿದ ಸೀಸ ಎಲ್ಲೆಲ್ಲಿ ಹರಡಿತ್ತೋ ಆ ಭಾಗದ ಮಾಂಸವನ್ನು ಅಗಲವಾಗಿ ಕೆತ್ತಿ ತೆಗೆದು ನೆಲದಡಿ ಆಳಕ್ಕೆ ಹೂತಿದ್ದೆವು. ಮುಂದಿನ ವರ್ಷದಿಂದ ತಾಮ್ರದ ಗುಂಡನ್ನೇ ಹೊಂದಿಸುತ್ತೇನೆಂದು ಅವರು ಒಪ್ಪಿಕೊಂಡರು.

ನಾನು ಊರಿಗೆ ಮರಳಿದ ಮೇಲೆ .300 ಮ್ಯಾಗ್ನಂ ಅನ್ನು ಅಳಿಯ ಮಾರಿದ, ಅದೇ ಹಣದಲ್ಲಿ ಒಂದು .30-06 ಕೊಂಡ. ಹೋದ ತಿಂಗಳು ಗುರಿಮೈದಾನದ ಕಾಗದವೊಂದರ ಚಿತ್ರ ಕಳಿಸಿದ್ದ. ಕೂತು ಹೊಡೆದ ಐದು ತಾಮ್ರದ ಗುಂಡು, ಇನ್ನೂರೈವತ್ತು ಗಜ. ನಾಲ್ಕು ಒಂದು ಅಂಗೈ ಅಗಲದಲ್ಲಿ ಕೂತಿದ್ದವು, ಐದನೆಯದು ಗೆರೆಯಿಂದ ಹೊರಗೆ. ಅದರ ಕೆಳಗೆ ಬರೆದಿದ್ದ: "ಮಾವ, ಜೇಬಿನ ಚೀಟಿ ಬದಲಾಯಿಸಿದ್ದೇನೆ. ಈ ವರ್ಷ ಇನ್ನೂರೇ ಗಜ."